ಬಣ್ಣಕ್ಕೆ ಮುಂಚೆ ಬಟ್ಟೆ

ಹೋದ ತಿಂಗಳು ಕೋಲಾರ ತಾಲ್ಲೂಕಿನ ಕ್ಯಾಲನೂರಿಗೆ ಹೋಗಿದ್ದೆ. ಹೋದದ್ದು ಚಿತ್ರಕಲೆಯ ಕೆಲಸಕ್ಕಲ್ಲ, ನೆಂಟರ ಮನೆಯ ಗೃಹಪ್ರವೇಶಕ್ಕೆ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಕೈಗೆ ಬರುವ ಹೊತ್ತಿಗೆ ಯಾರೋ ನನ್ನ ಗುಟ್ಟು ರಟ್ಟು ಮಾಡಿದ್ದರು. ‘ಇವರು ಪೇಪರಿನಲ್ಲಿ ಬಣ್ಣ, ಕುಂಚದ ವಿಷಯ ಬರೀತಾರೆ’ ಎಂಬ ಮಾತು ಪಂಕ್ತಿಯಿಂದ ಪಂಕ್ತಿಗೆ ಹರಡಿ, ಕೊನೆಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಸುರುಳಿ ಸುತ್ತಿದ ಬಟ್ಟೆಯೊಂದನ್ನು ತಂದು ನನ್ನ ಮುಂದೆ ನಿಂತಳು.

ಸುರುಳಿ ಬಿಚ್ಚುವಾಗಲೇ ಅನುಮಾನ ಬಂತು. ಚಾಪೆಯ ಮೇಲೆ ಬಿಳಿ ಪುಡಿ ಉದುರುತ್ತಿತ್ತು. ಪೂರ್ತಿ ಬಿಚ್ಚಿದ ಮೇಲೆ ಕಂಡದ್ದು ಒಬ್ಬ ಅಜ್ಜಿ. ಜಗಲಿಯ ಮೇಲೆ ಕಾಲು ನೀಡಿ ಕುಳಿತು ಹಿಪ್ಪುನೇರಳೆ ಎಲೆ ಬಿಡಿಸುತ್ತಿದ್ದಾಳೆ. ಪಕ್ಕದಲ್ಲಿ ಬಿದಿರಿನ ತಟ್ಟೆ, ಹಿಂದೆ ಹಸಿರು ಬಾಗಿಲು. ಕೈಬೆರಳುಗಳನ್ನು ಆ ಹುಡುಗಿ ಬಹಳ ಚೆನ್ನಾಗಿ ಬರೆದಿದ್ದಳು. ವರ್ಷಗಟ್ಟಲೆ ಎಲೆ ಬಿಡಿಸಿದ ಕೈ ಅದು ಎಂದು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಮುಖ? ಎಡಗೆನ್ನೆಯ ಅರ್ಧ ಭಾಗ ಚಕ್ಕೆಯಾಗಿ ಎದ್ದು ಹೋಗಿತ್ತು. ಹಣೆಯ ಮೇಲೆ ಅಡ್ಡಲಾಗಿ ನಾಲ್ಕಾರು ಬಿರುಕು. ಉಳಿದ ಕಣ್ಣೊಂದು ಬಿದ್ದು ಹೋಗುವುದಕ್ಕೆ ಕಾಯುತ್ತಿರುವಂತೆ ಅಂಚಿನಲ್ಲಿ ನಿಂತಿತ್ತು.

‘ಬಣ್ಣ ಸರಿಯಿರಲಿಲ್ವಾ ಸಾರ್?’ ಎಂದಳು ಹುಡುಗಿ.

ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಪಡಿತರ ಚೀಟಿಯ ಬೆರಳಗಲದ ಫೋಟೊ ಬಿಟ್ಟರೆ ಮನೆಯಲ್ಲಿ ಅವರ ಇನ್ನೊಂದು ಪಟವಿಲ್ಲ. ಆ ಮನೆಯ ಮಟ್ಟಿಗೆ ಅಜ್ಜಿಯ ಮುಖವೆಂದರೆ ಈ ಬಟ್ಟೆಯೇ. ಅದು ಈಗ ಚಾಪೆಯ ಮೇಲೆ ಪುಡಿಯಾಗಿ ಬಿದ್ದಿತ್ತು.

ಬಣ್ಣ ಸರಿಯಾಗಿಯೇ ಇತ್ತು. ಅಂಗಡಿಯಲ್ಲಿ ಸಿಗುವ ಒಳ್ಳೆಯ ಅಕ್ರಿಲಿಕ್ ಬಣ್ಣ. ತಪ್ಪಿದ್ದು ಬಣ್ಣದ ಕೆಳಗೆ. ಹಳೆಯ ಪಂಚೆಯನ್ನು ಚೌಕಟ್ಟಿಗೆ ಬಿಗಿದು, ಗೋಡೆಗೆ ಬಳಿದು ಮಿಕ್ಕ ಡಿಸ್ಟೆಂಪರನ್ನು ಎರಡು ಕೈ ಹೊಡೆದು, ಒಣಗಿದ ಕೂಡಲೇ ಚಿತ್ರ ಬರೆದಿದ್ದಾಳೆ. ಡಿಸ್ಟೆಂಪರಿನಲ್ಲಿ ಸೀಮೆಸುಣ್ಣದ ಪುಡಿಯೇ ಹೆಚ್ಚು, ಅಂಟು ಕಡಿಮೆ. ಅಲ್ಲಾಡದ ಗೋಡೆಯ ಮೇಲೆ ಅದು ಹೇಗೋ ನಿಲ್ಲುತ್ತದೆ. ಬಟ್ಟೆಯಾದರೋ ಬಿಸಿಲಿಗೆ ಸಡಿಲವಾಗುತ್ತದೆ, ತೇವಕ್ಕೆ ಬಿಗಿಯುತ್ತದೆ, ಸುತ್ತಿದರೆ ಬಾಗುತ್ತದೆ. ಪುಡಿಯ ಪದರ ಬಾಗುವುದಿಲ್ಲ, ಒಡೆಯುತ್ತದೆ. ಅದರ ಮೇಲೆ ಕುಳಿತ ಬಣ್ಣವೂ ಅದರ ಜತೆಗೇ ಎದ್ದು ಬರುತ್ತದೆ.

ಆ ಹುಡುಗಿಯನ್ನು ಬೈಯುವ ಯೋಗ್ಯತೆ ನನಗಿಲ್ಲ. ನನ್ನದೂ ಇಂಥದೇ ಒಂದು ಕಥೆ ಇದೆ. ಹರೆಯದಲ್ಲಿ ನನಗೆ ಕಲಿಸಿದ ಮೇಷ್ಟರೊಬ್ಬರ ಭಾವಚಿತ್ರ ಬರೆದು ಅವರ ನಿವೃತ್ತಿಯ ದಿನ ಕೊಟ್ಟಿದ್ದೆ. ಸಿದ್ಧ ಕ್ಯಾನ್ವಾಸನ್ನು ಅಂಗಡಿಯಿಂದ ಗಜದ ಲೆಕ್ಕದಲ್ಲಿ ಕೊಂಡಿದ್ದೆ. ಅದಕ್ಕೆ ಬಳಿದಿದ್ದ ತಳಬಣ್ಣ ಎಣ್ಣೆಯದೋ ನೀರಿನದೋ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಮೇಷ್ಟರ ಮನೆಗೆ ಹೋದಾಗ ಚಿತ್ರದ ಒಂದು ಮೂಲೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಜೋತಾಡುತ್ತಿತ್ತು. ಮೇಷ್ಟರು ಮಾತ್ರ, ‘ವಯಸ್ಸಾಯ್ತಲ್ಲಪ್ಪಾ, ಚರ್ಮ ಸುಕ್ಕಾಗದೆ ಇರುತ್ಯೇ?’ ಎಂದು ನಕ್ಕರು. ಆ ನಗು ಇವತ್ತಿಗೂ ಚುಚ್ಚುತ್ತದೆ. ಆದ್ದರಿಂದ ಈ ವಾರದ ಅಂಕಣ ಪೂರ್ತಿ ಬಣ್ಣ ಮುಟ್ಟುವ ಮುಂಚಿನ ಕೆಲಸಕ್ಕೆ ಮೀಸಲು.

*

ತಳ ಸಿದ್ಧಮಾಡುವುದು ಹೊರಗಿನವರು ನಮಗೆ ಕಲಿಸಿದ ವಿದ್ಯೆಯೇನೂ ಅಲ್ಲ. ಗಡಿ ದಾಟಿ ಆಂಧ್ರದ ಕಡೆ ಹೋದರೆ ಸಿಗುವ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ತಲೆ ಎತ್ತಿ ನೋಡಿ. ವಿಜಯನಗರದ ಕಾಲದಲ್ಲಿ, 16ನೇ ಶತಮಾನದಲ್ಲಿ ಬರೆದ ಚಿತ್ರಗಳು ಇನ್ನೂ ಛಾವಣಿಗೆ ಅಂಟಿಕೊಂಡಿವೆ. ಕಲ್ಲಿನ ಮೇಲೆ ನೇರವಾಗಿ ಬರೆದದ್ದಲ್ಲ ಅವು. ಮೊದಲು ಗಾರೆಯ ಪದರ, ಅದರ ಮೇಲೆ ನುಣುಪಾದ ಸುಣ್ಣದ ತಳ, ಆಮೇಲೆ ಬಣ್ಣ. ಮೈಸೂರು ಸಂಪ್ರದಾಯದ ಚಿತ್ರಕಾರರ ಮನೆಯಲ್ಲೂ ಇದೇ ಶಿಸ್ತು. ಹಲಗೆ, ಅದರ ಮೇಲೆ ಕಾಗದವನ್ನೋ ಬಟ್ಟೆಯನ್ನೋ ಅಂಟಿಸಿ ಸಿದ್ಧಮಾಡಿದ ತಳ, ಒಡವೆ ಕಿರೀಟಗಳು ಉಬ್ಬಿ ಕಾಣಬೇಕಾದ ಕಡೆ ಸಫೇದ, ಮಕ್ಕಿ, ಅಂಟು ಸೇರಿಸಿ ಅರೆದ ಮಿಶ್ರಣ, ಅದರ ಮೇಲೆ ಚಿನ್ನದ ರೇಕು. ಈ ಮಿಶ್ರಣದ ಕೆಲಸಕ್ಕೆ ಇವತ್ತು ಎಲ್ಲರೂ ‘ಗೆಸ್ಸೊ’ ಎಂದೇ ಅನ್ನುತ್ತಾರೆ.

ಗೆಸ್ಸೊ ಇಟಲಿಯ ಮಾತು. ಜಿಪ್ಸಂ, ಸೀಮೆಸುಣ್ಣದಂಥ ಬಿಳಿಯ ಪುಡಿ ಎಂದು ಅರ್ಥ. ಅಲ್ಲಿನ ಹಳೆಯ ಚಿತ್ರಕಾರರು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿಗೆ ಈ ಪುಡಿ ಬೆರೆಸಿ ಹಲಗೆಗೆ ಬಳಿಯುತ್ತಿದ್ದರು. ನಮ್ಮ ಬಡಗಿಗಳು ಬಿಸಿ ಮಾಡಿ ಬಳಸುತ್ತಿದ್ದ ವಜ್ರದ ಅಂಟಿನ ದಾಯಾದಿ ಅದು. ಹಲಗೆಗೆ ಒಪ್ಪುತ್ತಿತ್ತು, ಬಟ್ಟೆಗೆ ಅಷ್ಟಾಗಿ ಒಪ್ಪುತ್ತಿರಲಿಲ್ಲ. ಬಟ್ಟೆ ಬಾಗುತ್ತದೆ, ಅದು ಬಿರಿಯುತ್ತದೆ.

ಬಟ್ಟೆಯ ಮೇಲೆ ಎಣ್ಣೆ ಬಣ್ಣ ಬರೆಯುವವರಿಗೆ ಇನ್ನೊಂದು ತೊಂದರೆಯಿತ್ತು. ಅಗಸೆ ಎಣ್ಣೆ ಹತ್ತಿಯ ನೂಲಿಗೆ ನೇರವಾಗಿ ತಗುಲಿದರೆ ಕಾಲಕ್ರಮದಲ್ಲಿ ನೂಲು ಹುಳಿತು, ಕಂದಿ, ಪುಡಿಯಾಗುತ್ತದೆ. ಅದಕ್ಕಾಗಿ ನೂಲಿಗೂ ಎಣ್ಣೆಗೂ ನಡುವೆ ಅಂಟಿನ ಒಂದು ಬೇಲಿ ಹಾಕುತ್ತಿದ್ದರು.

ಅಕ್ರಿಲಿಕ್ ಬಂದ ಮೇಲೆ ಲೆಕ್ಕ ಬದಲಾಯಿತು. ಅಮೆರಿಕದಲ್ಲಿ 1955ರಲ್ಲಿ ಹೆನ್ರಿ ಲೆವಿಸನ್ ಎಂಬಾತ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ‘ಲಿಕ್ವಿಟೆಕ್ಸ್’ ಎಂಬ ಹೆಸರಿನಲ್ಲಿ ಕಲಾವಿದರ ಕೈಗೆ ಕೊಟ್ಟ. ಇದರ ಗುಟ್ಟು ಸರಳ. ಹಾಲಿನಲ್ಲಿ ಬೆಣ್ಣೆಯ ಕಣಗಳು ತೇಲುವ ಹಾಗೆ ನೀರಿನಲ್ಲಿ ಅಕ್ರಿಲಿಕ್ ರಾಳದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದು, ತೆಳ್ಳಗಿನ ಹಾಳೆಯಾಗುತ್ತವೆ. ಹಾಳೆಯಾದ ಮೇಲೆ ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ರಬ್ಬರಿನಂತೆ ಬಾಗುತ್ತದೆ. ಹತ್ತಿಯ ನೂಲನ್ನು ಎಣ್ಣೆಯ ಹಾಗೆ ತಿನ್ನುವುದಿಲ್ಲ. ಇದೇ ರಾಳಕ್ಕೆ ಸೀಮೆಸುಣ್ಣದ ಪುಡಿ, ಟೈಟೇನಿಯಂ ಬಿಳಿ ಬೆರೆಸಿದರೆ ಈಗ ಡಬ್ಬಿಯಲ್ಲಿ ಸಿಗುವ ಅಕ್ರಿಲಿಕ್ ಗೆಸ್ಸೊ. ಹೆಸರು ಹಳೆಯದು, ಸರಕು ಹೊಸದು.

‘ನೂಲನ್ನು ತಿನ್ನದಿದ್ದರೆ ತಳ ಏಕೆ ಬೇಕು? ಬರೀ ಬಟ್ಟೆಯ ಮೇಲೇ ಬರೆಯಬಹುದಲ್ಲ?’ ಎಂದು ನೀವು ಕೇಳಬಹುದು. ಬರೆಯಬಹುದು. ಹಾಗೆ ಬರೆದು ಹೆಸರಾದವರೂ ಇದ್ದಾರೆ. ಆದರೆ ಬರೀ ಬಟ್ಟೆ ಬಣ್ಣವನ್ನು ಹೀರಿ ಮಂಕು ಮಾಡುತ್ತದೆ, ಕುಂಚ ಜಾರುವುದಿಲ್ಲ, ಒರೆಸಿ ತಿದ್ದುವುದಕ್ಕೆ ಆಗುವುದಿಲ್ಲ, ಬಣ್ಣವೂ ಎರಡು ಪಟ್ಟು ಖರ್ಚು. ತಳವೆಂದರೆ ಬಣ್ಣಕ್ಕೆ ಹಿಡಿದುಕೊಳ್ಳಲು ಸಿಗುವ ಹಲ್ಲು ಎಂದು ತಿಳಿಯಿರಿ.

*

ಮೊದಲು ಚೌಕಟ್ಟು. ಕ್ಯಾಲನೂರಿನ ಅಜ್ಜಿಯ ಚಿತ್ರದ ಚೌಕಟ್ಟನ್ನು ಅಟ್ಟದಿಂದ ಇಳಿಸಿ ನೆಲದ ಮೇಲಿಟ್ಟೆ. ಮೂರು ಮೂಲೆ ನೆಲ ಮುಟ್ಟಿದವು, ನಾಲ್ಕನೆಯದು ಎರಡು ಬೆರಳು ಮೇಲೆದ್ದು ನಿಂತಿತು. ಹುಡುಗಿಯ ಅಣ್ಣ ಹಸಿ ನೀಲಗಿರಿ ಕಡಿದು ಮಾಡಿಕೊಟ್ಟಿದ್ದ. ಕೋಲಾರದವರಿಗೆ ನೀಲಗಿರಿಯ ಪರಿಚಯ ಹೇಳಬೇಕಾಗಿಲ್ಲ. ಅಂತರ್ಜಲದ ಗೋಳಿನ ನಡುವೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನೀರಿನ ಜಗಳ ಹಾಗಿರಲಿ, ಚೌಕಟ್ಟಿಗಂತೂ ಹಸಿ ನೀಲಗಿರಿ ಬೇಡ. ಒಣಗುತ್ತಾ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಚೌಕಟ್ಟು ತಿರುಚಿದರೆ ಬಟ್ಟೆ ಒಂದು ಕಡೆ ಜಗ್ಗಿ ಇನ್ನೊಂದು ಕಡೆ ಸುಕ್ಕಾಗುತ್ತದೆ.

ಚೆನ್ನಾಗಿ ಆರಿದ ಮರ ಬೇಕು. ತೇಗ ಎಲ್ಲರಿಗೂ ಎಟುಕದು. ಯಂತ್ರದ ಭಾಗಗಳು ಬಂದಿಳಿಯುವ ಪೈನ್ ಪೆಟ್ಟಿಗೆಯ ರೀಪರು ಹಗುರ, ನೇರ, ಅಗ್ಗ. ಕೆಡವಿದ ಹಳೆಯ ಮನೆಯ ಕಿಟಕಿ ಪಟ್ಟಿಗಳು ಇನ್ನೂ ಒಳ್ಳೆಯವು. ಐವತ್ತು ವರ್ಷ ಆರಿದ ಮರ ಇನ್ನು ತಿರುಚಿಕೊಳ್ಳುವುದು ಅಪರೂಪ. ಹುಳು ಹಿಡಿದಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಬಡಗಿಗೆ ಎರಡು ಮಾತು ಮರೆಯದೆ ಹೇಳಿ. ಒಂದು, ಪಟ್ಟಿಯ ಮುಂಭಾಗವನ್ನು ಒಳಗಡೆಗೆ ಇಳಿಜಾರಾಗಿ ಹೆರೆದು, ಹೊರ ಅಂಚು ಮಾತ್ರ ಬಟ್ಟೆಯನ್ನು ಮುಟ್ಟುವಂತೆ ಮಾಡಬೇಕು. ಹಾಗೆ ಮಾಡದಿದ್ದರೆ ಪಟ್ಟಿಯ ಒಳ ಅಂಚು ಚಿತ್ರದ ಮೇಲೆ ಗೆರೆಯಾಗಿ ಮೂಡುತ್ತದೆ. ಎರಡು, ಮೂರು ಅಡಿಗಿಂತ ಉದ್ದವಾದರೆ ನಡುವೆ ಒಂದು ಅಡ್ಡಪಟ್ಟಿ ಇರಬೇಕು. ಮೂಲೆ ಸರಿಯಿದೆಯೇ ಎಂದು ನೋಡುವುದಕ್ಕೆ ಒಂದು ದಾರ ಸಾಕು. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಸರಿ. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಚೌಕಟ್ಟಾದರೆ ಓರೆ ಅಳತೆ ಸರಿಯಾಗಿ ಐದು ಅಡಿ ಬರಬೇಕು. ಗಾರೆಯವರು ಪಾಯ ಹಾಕುವಾಗ ಬಳಸುವ ಲೆಕ್ಕವೇ ಇದು.

*

ಈಗ ಬಟ್ಟೆ. ಸಾಮಾನ್ಯವಾಗಿ ಬಳಸುವುದು ಹತ್ತಿಯ ಡಕ್ ಕ್ಯಾನ್ವಾಸ್. ಬಣ್ಣ ಹಾಕದ, ಬಿಳುಪು ಮಾಡದ ಕೋರಾ ಬಟ್ಟೆ. ತೂಕವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುತ್ತಾರೆ. 10 ಔನ್ಸಿನದು, ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ ತೂಗುವಂಥದು, ಮನೆಯಲ್ಲಿ ಬರೆಯುವವರಿಗೆ ಧಾರಾಳವಾಗಿ ಸಾಕು. ಲಿನನ್ ಗಟ್ಟಿ, ಆದರೆ ದುಬಾರಿ. ದಪ್ಪ ಖಾದಿಯೂ ನಡೆಯುತ್ತದೆ. ಒತ್ತಾಗಿ ನೇಯ್ದದ್ದನ್ನು ಆರಿಸಿ. ಬೆಳಕಿಗೆ ಹಿಡಿದಾಗ ಚುಕ್ಕಿ ಚುಕ್ಕಿಯಾಗಿ ಬೆಳಕು ನುಸುಳಿದರೆ ಬೇಡ. ಹಳೆಯ ಪಂಚೆ, ಸೀರೆ, ಹೊದಿಕೆ ಬೇಡವೇ ಬೇಡ. ಒಗೆದು ಒಗೆದು ನೂಲಿನ ಜೀವ ಹೋಗಿರುತ್ತದೆ. ಎಳೆದು ಬಿಗಿದ ದಿನವೇ ಅರ್ಧ ಸೋತಿರುತ್ತದೆ.

‘ನಮ್ಮಲ್ಲಿ ರೇಷ್ಮೆಗೆ ಬರವೇ ಸಾರ್? ರೇಷ್ಮೆ ಬಟ್ಟೆ ಆಗುತ್ತಾ?’ ಎಂದು ಮನೆಯ ಯಜಮಾನರು ಕೇಳಿದರು. ಮೋಹಕವಾದ ಯೋಚನೆ. ಆದರೆ ರೇಷ್ಮೆ ತೆಳು, ಬೆಳಕಿಗೆ ಬೇಗ ಸೋಲುತ್ತದೆ, ದಪ್ಪ ಬಣ್ಣದ ಭಾರ ಹೊರಲಾರದು. ಅದು ಮದುವೆಗೇ ಇರಲಿ ಎಂದೆ.

ಲಾರಿಯ ಟಾರ್ಪಾಲು, ಡೇರೆಯ ಬಟ್ಟೆಯೂ ನೋಡುವುದಕ್ಕೆ ಕ್ಯಾನ್ವಾಸೇ. ಆದರೆ ಮಳೆ ತಡೆಯಲು ಅವಕ್ಕೆ ಮೇಣ ಮುಂತಾದವನ್ನು ಹಾಕಿರುತ್ತಾರೆ. ಕೊಳ್ಳುವ ಮುಂಚೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡರೆ ಸರಿ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಮುತ್ತಾಗಿ ನಿಂತರೆ ಅದರ ಮೇಲೆ ಯಾವ ತಳವೂ ಕೂರುವುದಿಲ್ಲ. ಮಗ್ಗದಿಂದ ಬಂದ ಕೋರಾ ಬಟ್ಟೆಗೂ ಗಂಜಿ ಇರುತ್ತದೆ, ಮೊದಲ ಹನಿ ತಡವಾಗಿ ಇಳಿಯಬಹುದು. ಅಂಥದನ್ನು ಒಮ್ಮೆ ಬಿಸಿ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಗಂಜಿ ಹೋಗುತ್ತದೆ, ಮುದುಡುವುದಿದ್ದರೆ ಮೊದಲೇ ಮುದುಡುತ್ತದೆ. ಸಾಬೂನು ಬೇಡ.

ಬಟ್ಟೆಯನ್ನು ಚೌಕಟ್ಟಿಗಿಂತ ಪ್ರತಿ ಕಡೆ ಮೂರು ಅಂಗುಲ ಹೆಚ್ಚಿಗೆ ಕತ್ತರಿಸಿ. ಎರಡಡಿಗೆ ಮೂರಡಿಯ ಚೌಕಟ್ಟಾದರೆ 30 ಅಂಗುಲಕ್ಕೆ 42 ಅಂಗುಲದ ಬಟ್ಟೆ. ನೂಲಿನ ಎಳೆ ಚೌಕಟ್ಟಿನ ಅಂಚಿಗೆ ನೇರವಾಗಿರಲಿ. ಓರೆಯಾದರೆ ಬಟ್ಟೆ ಎಂದಿಗೂ ಸಮನಾಗಿ ಬಿಗಿಯುವುದಿಲ್ಲ.

ಬಿಗಿಯುವುದರಲ್ಲಿ ಹೆಚ್ಚು ಜನ ತಪ್ಪುವುದು ಒಂದು ಮೂಲೆಯಿಂದ ಶುರುಮಾಡಿ. ಹಾಗಲ್ಲ. ಒಂದು ಬದಿಯ ನಡುಮಧ್ಯೆ ಒಂದು ಮೊಳೆ. ಎದುರು ಬದಿಗೆ ಹೋಗಿ ಬಟ್ಟೆ ಎಳೆದು ನಡುಮಧ್ಯೆ ಇನ್ನೊಂದು. ಆಮೇಲೆ ಉಳಿದ ಎರಡು ಬದಿಗಳಿಗೂ ಹಾಗೆಯೇ. ಈಗ ಬಟ್ಟೆಯ ಮೇಲೆ ವಜ್ರದ ಆಕಾರದ ಸೆಳೆತ ಕಾಣುತ್ತದೆ. ಅಲ್ಲಿಂದ ನಡುವಿನ ಮೊಳೆಯ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎದುರು ಬದಿ. ಎರಡೆರಡು ಅಂಗುಲಕ್ಕೆ ಒಂದರಂತೆ ಮೂಲೆಯ ಕಡೆಗೆ ಸಾಗಬೇಕು. ಮೂಲೆಯನ್ನು ಕೊನೆಗೆ, ಆಸ್ಪತ್ರೆಯ ಹಾಸಿಗೆಯ ಹೊದಿಕೆ ಮಡಿಸಿದಂತೆ ಅಚ್ಚುಕಟ್ಟಾಗಿ ಮಡಿಸಿ ಹೊಡೆಯಿರಿ. ಕತ್ತರಿಸಬೇಡಿ. ಮೊಳೆಯೋ ಸ್ಟೇಪಲ್ಲೋ, ಚೌಕಟ್ಟಿನ ಹಿಂಭಾಗಕ್ಕೆ ಹೊಡೆದರೆ ಬದಿ ಚೆಂದ.

ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರಬೇಕೆಂದು ಹೇಳುವುದುಂಟು. ಕೋಲಾರದ ಕಡೆಯವರಿಗೆ ತಮಟೆ ಹದಮಾಡುವುದು ಹೊಸದಲ್ಲ. ಬೆಂಕಿಗೆ ಹಿಡಿದು ಎಷ್ಟು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಬಲ್ಲರು. ಇಲ್ಲೂ ಅತಿ ಬೇಡ. ತಳ ಬಳಿದಾಗ ಹತ್ತಿ ತಾನಾಗಿಯೇ ಇನ್ನಷ್ಟು ಬಿಗಿಯುತ್ತದೆ. ಮೊದಲೇ ಬಲವಂತ ಮಾಡಿದರೆ ತೆಳ್ಳನೆಯ ಚೌಕಟ್ಟು ಬಿಲ್ಲಿನಂತೆ ಬಾಗುತ್ತದೆ.

*

ಗೃಹಪ್ರವೇಶದ ಮನೆಯಲ್ಲಿ ನಮ್ಮ ಮಾತು ಕೇಳುತ್ತಾ ಕುಳಿತಿದ್ದ ಹಿರಿಯರೊಬ್ಬರು ಈ ಹಂತದಲ್ಲಿ ಬಾಯಿ ಹಾಕಿದರು. ಒಂದು ಕಾಲಕ್ಕೆ ಕೋಲಾರದಲ್ಲಿ ಬಟ್ಟೆ ಬ್ಯಾನರು ಬರೆಯುತ್ತಿದ್ದವರು. ಚುನಾವಣೆ, ಜಾತ್ರೆ, ನಾಟಕ, ಸಿನಿಮಾ ಎಂದು ರಾತ್ರಿಯಿಡೀ ಬರೆದದ್ದೂ ಉಂಟಂತೆ. ಫ್ಲೆಕ್ಸ್ ಬಂದು ಅವರ ಕುಂಚ ಕಿತ್ತುಕೊಂಡಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಚೀಲದ ಜತೆಗೆ ಫ್ಲೆಕ್ಸನ್ನೂ ನಿಷೇಧಿಸಿದಾಗ, ಇನ್ನು ಬಟ್ಟೆಯ ಕಾಲ ಬಂತೆಂದು ಕಾದರಂತೆ. ಬರಲಿಲ್ಲ.

‘ನಾವು ಮೈದಾ ಗಂಜಿ ಎಳೀತಿದ್ವಿ ಸ್ವಾಮಿ. ಹುಳ ಬೀಳಬಾರದು ಅಂತ ಚೂರು ಮೈಲುತುತ್ತ. ಗಂಜಿ ಹಾಕ್ದೇ ಬರೆದ್ರೆ ಅಕ್ಷರದ ಅಂಚು ಒಡೆದುಹೋಗ್ತಿತ್ತು’ ಎಂದರು. ತತ್ವ ನೂರಕ್ಕೆ ನೂರು ಸರಿ. ನೂಲಿನ ಸಂದು ಮುಚ್ಚಬೇಕು, ಬಣ್ಣ ಹರಡಬಾರದು. ಆದರೆ ಬ್ಯಾನರಿನ ಆಯುಸ್ಸು ಹದಿನೈದು ದಿನ. ಅಜ್ಜಿಯ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಇರಬೇಕು. ಗಂಜಿ ತೇವ ಹೀರುತ್ತದೆ, ಬೂಷ್ಟು ಹಿಡಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಮೈಲುತುತ್ತ ವಿಷ ಕೂಡ.

ಅಕ್ರಿಲಿಕ್ಕಿಗೆ ಗಂಜಿಯ ಕೆಲಸ ಮಾಡುವುದು ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಬರಿಯ ರಾಳ. ಒಂದೆರಡು ಪಾಲು ಮೀಡಿಯಮ್ಮಿಗೆ ಒಂದು ಪಾಲು ನೀರು ಬೆರೆಸಿ ಬಟ್ಟೆಗೆ ತಿಕ್ಕಿ ಬಳಿದು ಒಣಗಲು ಬಿಡಿ. ‘ನೂಲನ್ನು ತಿನ್ನುವುದಿಲ್ಲ ಅಂದಿರಿ, ಮತ್ತೆ ಈ ಬೇಲಿ ಏಕೆ?’ ಎಂದರೆ, ಇದು ತಿರುಗುಮುರುಗಾದ ಬೇಲಿ. ಇಲ್ಲಿ ಬಣ್ಣದಿಂದ ಬಟ್ಟೆಯನ್ನಲ್ಲ, ಬಟ್ಟೆಯಿಂದ ಬಣ್ಣವನ್ನು ಕಾಯಬೇಕು. ಬಣ್ಣದಲ್ಲಿರುವ ನೀರು ನೂಲಿಗೆ ಇಳಿದು, ಆರುವಾಗ ಅಲ್ಲಿನ ಕಂದು ಕೊಳೆಯನ್ನು ಮೇಲಕ್ಕೆ ಎಳೆದು ತರುತ್ತದೆ. ತೆಳುವಾದ, ಪಾರದರ್ಶಕವಾದ ಬಣ್ಣವಿದ್ದ ಕಡೆ ಚಹಾದ ಕಲೆಯಂತೆ ಹಳದಿ ಛಾಯೆ ಮೂಡುತ್ತದೆ. ದಪ್ಪ ಬಣ್ಣದಲ್ಲಿ ಕಾಣದು. ನೀವು ದಪ್ಪವಾಗಿ ಬರೆಯುವವರಾದರೆ ಈ ಹಂತ ಬಿಟ್ಟರೂ ನಡೆದೀತು.

ಇನ್ನು ಗೆಸ್ಸೊ. ಮೊದಲ ಕೈಗೆ ನಾಲ್ಕು ಪಾಲು ಗೆಸ್ಸೊ, ಒಂದು ಪಾಲು ನೀರು. ಇದಕ್ಕಿಂತ ನೀರು ಹೆಚ್ಚಿಸಬೇಡಿ. ಹಾಲಿಗೆ ನೀರು ಬೆರೆಸಿದರೆ ಕಾಫಿ ಕೆಡುತ್ತದೆ, ಗೆಸ್ಸೊಗೆ ಬೆರೆಸಿದರೆ ಅಂಟಿನ ಬಲ ಕೆಡುತ್ತದೆ. ಒಣಗಿದ ಮೇಲೆ ಬೆರಳಿಗೆ ಬಿಳಿ ಪುಡಿ ಮೆತ್ತುತ್ತದೆ. ಅಲ್ಲಿಗೆ ಮತ್ತೆ ಡಿಸ್ಟೆಂಪರಿನ ಕಥೆಯೇ. ನೀರಿನ ವಿಚಾರದಲ್ಲಿ ಕೋಲಾರದವರಿಗೆ ಒಂದು ಕಿವಿಮಾತು. ಆಳದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಲವಣ ಜಾಸ್ತಿ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರನ್ನು ಬಣ್ಣಕ್ಕೆ, ಗೆಸ್ಸೊಗೆ ಬೆರೆಸಬೇಡಿ. ಶುದ್ಧ ನೀರಿನ ಘಟಕದ್ದೋ ಶೋಧಿಸಿದ ಮಳೆ ನೀರೋ ಸಾಕು. ಬೇಕಾಗುವುದು ಒಂದು ಲೋಟ.

ಎರಡಂಗುಲದ ಚಪ್ಪಟೆ ಕುಂಚದಿಂದ ಮೊದಲ ಕೈಯನ್ನು ಎಡದಿಂದ ಬಲಕ್ಕೆ, ನೂಲಿನ ಸಂದಿಗೆ ಒತ್ತಿ ಬಳಿಯಿರಿ. ಬದಿಗಳಿಗೂ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ನುಣುಪಾದ ಉಪ್ಪುಕಾಗದದಿಂದ, 220ನೇ ನಂಬರಿನದಾದರೆ ಸಾಕು, ಹಗುರವಾಗಿ ಸವರಿ. ಆಗ ಏಳುವ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸಿ, ಎರಡನೆಯ ಕೈಯನ್ನು ಮೇಲಿನಿಂದ ಕೆಳಕ್ಕೆ ಬಳಿಯಿರಿ. ಅಡ್ಡ, ಉದ್ದ ಎರಡೂ ಸೇರಿದರೆ ಕುಂಚದ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ, ಸಂದು ಉಳಿಯುವುದಿಲ್ಲ. ಸಾಮಾನ್ಯ ಕೆಲಸಕ್ಕೆ ಎರಡು ಕೈ, ಮುಖದಂಥ ನಾಜೂಕು ಕೆಲಸಕ್ಕೆ ಮೂರು ಅಥವಾ ನಾಲ್ಕು. ಒಂದೇ ಸಲ ದಪ್ಪಗೆ ಬಳಿದು ಕೆಲಸ ಮುಗಿಸೋಣವೆಂದರೆ ಮೇಲ್ಪದರ ಮೊದಲು ಒಣಗಿ ಸೀಳುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿಟ್ಟು ಬಳಿಯಬೇಡಿ. ಕುಂಚ ಈ ಅಂಚಿನಿಂದ ಆ ಅಂಚಿಗೆ ಹೋಗುವಷ್ಟರಲ್ಲಿ ಹಿಂದಿನದು ಒಣಗಿ ಪಟ್ಟೆ ಪಟ್ಟೆಯಾಗುತ್ತದೆ. ಬೆಳಿಗ್ಗೆ ಹೊತ್ತು, ನೆರಳು, ಗಾಳಿಗೆ ಧೂಳು ಏಳದ ಜಾಗ. ಕುಂಚವನ್ನು ಕೂಡಲೇ ತೊಳೆಯಿರಿ. ಅಕ್ರಿಲಿಕ್ ಒಣಗಿದ ಕುಂಚ ಪೊರಕೆಗೂ ಬಾರದು. ಕೊನೆಯ ಕೈ ಒಣಗಿದ ಮೇಲೆ ಒಂದು ಇಡೀ ದಿನ ಬಿಟ್ಟು ಬರೆಯಿರಿ. ಕೈಗೆ ಒಣಗಿದಂತೆ ಕಂಡರೂ ಒಳಗಿನ ಕಣಗಳು ಬೆಸೆಯಲು ಹೊತ್ತು ಬೇಕು.

*

ಗೆಸ್ಸೊ ದುಬಾರಿ, ಬದಲಿಗೆ ಏನಾದರೂ ಇದೆಯೇ? ಇದು ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಮರದ ಬಿಳಿ ಅಂಟಿಗೆ, ಅಂದರೆ ಫೆವಿಕಾಲ್ ಥರದ್ದಕ್ಕೆ, ಸೀಮೆಸುಣ್ಣದ ಪುಡಿ, ಬಿಳಿ ಬಣ್ಣ ಬೆರೆಸಿ ಬಳಸುವವರು ಬಹಳ. ಅಭ್ಯಾಸಕ್ಕೆ ಅಡ್ಡಿಯಿಲ್ಲ. ಆದರೆ ಆ ಅಂಟು ತೇವಕ್ಕೆ ಸಡಿಲವಾಗುವುದುಂಟು, ವರ್ಷಗಳ ಮೇಲೆ ಹಳದಿಯಾಗುವುದುಂಟು. ಗೋಡೆಗೆ ಬಳಿಯುವ ನೀರಿನ ಅಕ್ರಿಲಿಕ್ ಪ್ರೈಮರು ಡಿಸ್ಟೆಂಪರಿಗಿಂತ ಎಷ್ಟೋ ಮೇಲು. ಅದೂ ಅಭ್ಯಾಸಕ್ಕೇ. ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ನೇರವಾಗಿ ಕಲಸಬೇಡಿ, ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ಎಣ್ಣೆಯ ಪ್ರೈಮರು, ಎನಾಮಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಅಕ್ರಿಲಿಕ್ ತಳದ ಮೇಲೆ ಎಣ್ಣೆ ಬಣ್ಣ ನಿಲ್ಲುತ್ತದೆ, ಎಣ್ಣೆಯ ತಳದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ನನ್ನ ಮೇಷ್ಟರ ಗಲ್ಲ ಸುಲಿದದ್ದು ಇದರಿಂದಲೇ. ಸಿದ್ಧ ಕ್ಯಾನ್ವಾಸ್ ಕೊಳ್ಳುವವರು ‘ಇದರ ತಳ ಎಣ್ಣೆಯದೋ ಅಕ್ರಿಲಿಕ್ಕೋ’ ಎಂದು ಕೇಳಿಯೇ ಕೊಳ್ಳಿ.

ಕಲಿಯುವವರು ನೂರು ಅಭ್ಯಾಸಗಳನ್ನು ರಟ್ಟು, ಕಾಗದದ ಮೇಲೆ ಮಾಡಲಿ. ದುಡ್ಡು ಕೂಡಿಸಿ ವರ್ಷಕ್ಕೆ ಎರಡೇ ಒಳ್ಳೆಯ ಕ್ಯಾನ್ವಾಸ್ ಕಟ್ಟಲಿ. ಯಾವ ಚಿತ್ರ ಉಳಿಯಬೇಕು ಎನಿಸುತ್ತದೋ ಅದನ್ನು ಅದರ ಮೇಲೆ ಬರೆಯಲಿ. ನಾಳೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಅದನ್ನು ಯಾರಾದರೂ ಕೊಂಡರೆ, ಅವರು ನಂಬುವುದು ನಿಮ್ಮ ಬಣ್ಣವನ್ನು ಮಾತ್ರವಲ್ಲ, ಕಾಣದ ತಳವನ್ನೂ.

*

ಅಜ್ಜಿಯ ಹಳೆಯ ಚಿತ್ರಕ್ಕೆ ಏನು ಮಾಡುವುದು? ಹುಡುಗಿ ಅದರ ಮೇಲೆಯೇ ತೇಪೆ ಹಾಕಲು ಹೊರಟಿದ್ದಳು. ಬೇಡವೆಂದೆ. ಪುಡಿಯಾಗುವ ತಳದ ಮೇಲೆ ಇನ್ನೊಂದು ಪದರ ಹಾಕಿದರೆ ಅದು ಒಣಗುತ್ತಾ ಉಳಿದದ್ದನ್ನೂ ಎಳೆದು ಕೀಳುತ್ತದೆ. ವಾರ್ನಿಷೂ ಬೇಡ. ಇನ್ನು ಮುಂದೆ ಸುರುಳಿ ಸುತ್ತಬಾರದು. ಮುಖ ಮೇಲಾಗಿ ಹಲಗೆಯ ಮೇಲೆ ಮಲಗಿಸಿ, ತಾಗದಂತೆ ಮುಚ್ಚಿಡಬೇಕು. ಬಿದ್ದ ಚಕ್ಕೆಗಳನ್ನು ಎಸೆಯದೆ ಲಕೋಟೆಯಲ್ಲಿ ಇಡಬೇಕು. ಒಳ್ಳೆಯ ಬೆಳಕಿನಲ್ಲಿ ಇವತ್ತೇ ನಾಲ್ಕಾರು ಫೋಟೊ ತೆಗೆಯಬೇಕು. ಕಲಾಕೃತಿಗಳ ಸಂರಕ್ಷಣೆ ಬಲ್ಲವರು ಸಿಕ್ಕರೆ ಅವರಿಗೇ ತೋರಿಸಬೇಕು, ಮನೆಮದ್ದು ಮಾಡಬಾರದು.

ಆಮೇಲೆ, ಅಜ್ಜಿಯನ್ನು ಇನ್ನೊಮ್ಮೆ ಬರೆಯಬೇಕು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಮೊದಲಿನ ಹಾಗೇ ಬರುತ್ತಾ ಸಾರ್? ಮುಖ ಮರೀತಾ ಇದೆ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಅವಳ ತಾಯಿ, ‘ಮೂಗುಬಟ್ಟು ಎಡಗಡೆ ಇತ್ತು ಕಣೇ, ನೀನು ಬಲಗಡೆ ಬರೆದಿದ್ದೆ’ ಎಂದರು. ಬ್ಯಾನರು ಬರೆಯುತ್ತಿದ್ದ ಹಿರಿಯರು, ಅಜ್ಜಿ ನಗುವಾಗ ಒಂದು ಹುಬ್ಬು ಮೇಲೇರುತ್ತಿತ್ತು ಎಂದರು. ಇನ್ಯಾರೋ ಹಣೆಯ ಹಚ್ಚೆಯ ಚುಕ್ಕಿ ನೆನಪಿಸಿದರು. ನೋಡುತ್ತಿದ್ದಂತೆ ಜಗಲಿಯ ಮೇಲೆ ಅಜ್ಜಿಗೆ ಮುಖ ಕೂಡುತ್ತಿತ್ತು. ಹುಡುಗಿ ಪುಸ್ತಕ ತಂದು ಬರೆದುಕೊಳ್ಳತೊಡಗಿದಳು.

ಹಿರಿಯರು ಹಳೆಯ ಮನೆಯ ಕಿಟಕಿ ಪಟ್ಟಿಗಳನ್ನು ಕೊಟ್ಟರು. ಬಟ್ಟೆ, ಗೆಸ್ಸೊ ನಾನು ಕಳಿಸಿದೆ. ಮೊನ್ನೆ ಫೋನು ಬಂತು. ಮೂರನೆಯ ಕೈ ಬಳಿದು ಗೋಡೆಗೆ ಒರಗಿಸಿದ್ದಾಳಂತೆ. ಮನೆಗೆ ಬಂದವರೆಲ್ಲ ಆ ಬಿಳಿ ಬಟ್ಟೆ ನೋಡಿ, ‘ಇನ್ನೂ ಏನೂ ಬರೆದೇ ಇಲ್ಲವಲ್ಲ?’ ಎಂದು ಕೇಳುತ್ತಾರಂತೆ. ‘ಅರ್ಧ ಆಯ್ತು ಅಂತ ಹೇಳ್ತೀನಿ ಸಾರ್’ ಎಂದಳು.

ನೀವೂ ಕ್ಯಾನ್ವಾಸ್ ಕಟ್ಟಿದರೆ ಅದರ ಹಿಂಬದಿಯಲ್ಲಿ ನಿಮ್ಮ ಹೆಸರು, ದಿನಾಂಕ, ಯಾವ ತಳ ಬಳಿದಿರಿ ಎಂಬುದನ್ನು ಚೌಕಟ್ಟಿನ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಯಾರಾದರೂ ಅದನ್ನು ದುರಸ್ತಿ ಮಾಡಬೇಕಾಗಿ ಬಂದರೆ ನಿಮ್ಮನ್ನು ನೆನೆಯುತ್ತಾರೆ.

ಮುಂದಿನ ವಾರ ಕುಂಚಗಳ ವಿಚಾರ ನೋಡೋಣ.